ಎಸಿ ಇಂಜಿನಿಯರರ ತೋಟೆ ಲೆಕ್ಕ

ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಒಂದು ಚಾಳಿ ಅಂಟಿಕೊಂಡಿದೆ. ಬಿಸಿಲಿಗೆ ಇಟ್ಟ ಯಾವ ವಸ್ತು ಕಂಡರೂ ಮುಟ್ಟಿ ನೋಡದೆ ಮುಂದೆ ಹೋಗಲಾರರು. ಬಾಲ್ಕನಿಯಲ್ಲಿ ಒಣಹಾಕಿದ ಸಂಡಿಗೆ, ಕಾರಿನಲ್ಲಿ ಮರೆತು ಬಂದ ನೀರಿನ ಬಾಟಲಿ, ಪಕ್ಕದ ಮನೆಯ ಹುಡುಗಿಯ ಸೈಕಲ್ಲಿನ ಹ್ಯಾಂಡಲ್, ಎಲ್ಲದಕ್ಕೂ ಅಂಗೈ ಇಟ್ಟು ಒಂದು ಕ್ಷಣ ಸುಮ್ಮನೆ ನಿಲ್ಲುತ್ತಾರೆ. ಕಳೆದ ರಜೆಗೆ ಊರಿಗೆ ಹೋದಾಗ ಒಂದು ಮದುವೆಯಲ್ಲಿ ಚಪ್ಪರದ ಹೊರಗೆ ಇಟ್ಟಿದ್ದ ಸೋಡಾ ಬಾಟಲಿಗಳನ್ನು ಹೀಗೇ ಮುಟ್ಟಿ ಮುಟ್ಟಿ, ಕೊನೆಗೆ ಅಡುಗೆಯವರನ್ನು ಕರೆದು ಅಷ್ಟನ್ನೂ ನೆರಳಿಗೆ ಇಡಿಸಿದರು. ಮದುಮಗಳ ಸೋದರತ್ತೆ ನನ್ನ ಕಿವಿಯಲ್ಲಿ, "ನಿಮ್ಮ ಯಜಮಾನ್ರು ದುಬಾಯಿಯಲ್ಲಿ ಆರೋಗ್ಯ ಇಲಾಖೆಯಲ್ಲಿರುವುದಾ?" ಎಂದು ಕೇಳಿದರು. ಅಲ್ಲ, ಎಸಿ ಕಂಪನಿಯಲ್ಲಿ ಇಂಜಿನಿಯರ್ ಎಂದೆ. "ಹಾಗಾದ್ರೆ ಸರಿ" ಎಂದು ಅವರು ತಲೆಯಾಡಿಸಿದರು. ಏನು ಸರಿಯೋ ನನಗೆ ಗೊತ್ತಾಗಲಿಲ್ಲ.

ಈ ಚಾಳಿ ಹುಟ್ಟಿದ್ದು ಅಬುಧಾಬಿಯ ಮರಳಿನಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ. ಆದರೆ ಆ ಶುಕ್ರವಾರಕ್ಕೆ ಬರುವ ಮೊದಲು ನನ್ನ ಎದೆ ಧಸಕ್ಕೆಂದ ಇನ್ನೊಂದು ದಿನದ ಸುದ್ದಿ ಹೇಳಬೇಕು. ಆಗ ನಾವು ಅಲ್ ನಹ್ದಾದಲ್ಲಿ, ಇನ್ನೆರಡು ಹೆಜ್ಜೆ ಇಟ್ಟರೆ ಶಾರ್ಜಾ ಎನ್ನುವಂಥ ಕಟ್ಟಡದಲ್ಲಿ ಇದ್ದೆವು. ನಮ್ಮವರ ಹೆಸರು ಪ್ರಭಾಕರ. ಕಟ್ಟಡಗಳಿಗೆ ತಂಪು ಗಾಳಿ ಎಷ್ಟು ಬೇಕು, ಯಾವ ಕೊಳವೆಯಲ್ಲಿ ಎಷ್ಟು ಹೋಗಬೇಕು ಎಂದು ಲೆಕ್ಕ ಹಾಕುವುದು ಅವರ ಕೆಲಸ. ಜಿರಳೆ ಕಂಡರೆ ಹೊಡೆಯುವುದಕ್ಕೂ ಮನಸ್ಸಾಗದೆ ಕಾಗದದ ಮೇಲೆ ಹತ್ತಿಸಿ ಬಾಲ್ಕನಿಗೆ ಬಿಟ್ಟು ಬರುವ ಮನುಷ್ಯ. ಜಿರಳೆ ಅವರಿಗಿಂತ ಮೊದಲು ಅಡುಗೆಮನೆಗೆ ವಾಪಸಾಗುತ್ತದೆ, ಅದು ಬೇರೆ ಮಾತು.

ಒಂದು ಸಂಜೆ ಅಮ್ಮನಿಗೆ ವಿಡಿಯೋ ಕರೆ ಮಾಡೋಣ ಎಂದು ಅವರ ಲ್ಯಾಪ್‌ಟಾಪ್ ತೆರೆದೆ. ಪರದೆಯ ಮೇಲೆ ಎಕ್ಸೆಲ್ ಇರಲಿಲ್ಲ. ಸಾಲುಸಾಲು ಚೌಕಗಳು. ಬಂದೂಕಿನ ನಳಿಗೆಯ ಉದ್ದ ಎಷ್ಟು, ಗುಂಡಿನ ತೂಕ ಎಷ್ಟು, ಯಾವ ಮದ್ದು, ಎಷ್ಟು ಮದ್ದು ಎಂದೆಲ್ಲ ಕೇಳುವ ಚೌಕಗಳು, ಪ್ರತಿಯೊಂದರಲ್ಲೂ ನಮ್ಮವರು ತುಂಬಿಸಿದ ಅಂಕಿಗಳು. ಕೆಳಗೆ ಬೆಟ್ಟದ ಹಾಗೆ ಏರಿ ಇಳಿಯುವ ಒಂದು ಗೆರೆ, ಅದರ ನೆತ್ತಿಯಲ್ಲಿ 'ಒತ್ತಡ' ಎಂಬ ಇಂಗ್ಲಿಷ್ ಪದ.

ನೀವೇ ಹೇಳಿ, ಗಾಬರಿ ಆಗದೆ ಇರುತ್ತದೆಯೇ? ಗಲ್ಫಿನಲ್ಲಿ ನಾವೆಲ್ಲ ಎಷ್ಟು ಪುಕ್ಕಲರೆಂದರೆ, ಊರಿನಿಂದ ಬರುವಾಗ ಇಲ್ಲಿ ನಿಷೇಧವೆಂದು ಗಸಗಸೆ ತರುವುದಿಲ್ಲ, ಕೆಮ್ಮಿನ ಔಷಧಿಗೂ ವೈದ್ಯರ ಚೀಟಿ ಇಟ್ಟುಕೊಳ್ಳುತ್ತೇವೆ. ಅಂಥ ಊರಿನಲ್ಲಿ, ವೀಸಾದ ಮೇಲೆ ಬದುಕುವ ಮನುಷ್ಯ ಹಾಲ್‌ನಲ್ಲಿ ಕೂತು, ಪಕ್ಕದಲ್ಲಿ ಚಹಾ ಇಟ್ಟುಕೊಂಡು, ಬಂದೂಕಿನ ಲೆಕ್ಕ ಹಾಕುತ್ತಿದ್ದಾರೆ! ಎದುರು ಫ್ಲ್ಯಾಟಿನ ಗ್ರೇಸಿಬಾಯಿ ನರ್ಸು, ಧೈರ್ಯದ ಹೆಂಗಸು. ಅವರ ಹತ್ತಿರ ಓಡಿ, "ಗಂಡನ ಲ್ಯಾಪ್‌ಟಾಪಿನಲ್ಲಿ ಇರಬಾರದ್ದು ಇದ್ರೆ ಎಂತ ಮಾಡುವುದು ಬಾಯಿ?" ಎಂದು ಕೇಳಿದೆ. ಅವರು ನನ್ನ ಕೈ ಹಿಡಿದು ಕೂರಿಸಿ, "ಫೋಟೋ ಉಂಟಾ? ಯಾರು ಅದು, ಆಫೀಸಿನವಳಾ?" ಎಂದರು. ಅಯ್ಯೋ, ಫೋಟೋ ಇದ್ದಿದ್ದರೆ ನಾನು ಇಷ್ಟು ನಡುಗುತ್ತಿರಲಿಲ್ಲ.

ನಮ್ಮವರು ಸ್ನಾನ ಮುಗಿಸಿ ಬಂದ ಕೂಡಲೇ ಬಾಗಿಲು ಹಾಕಿ, ಪರದೆ ಎಳೆದು, ಮೆಲ್ಲನೆ ಕೇಳಿದೆ. "ಇದೆಂತ ಮಾರಾಯ್ರೆ?"

"ಅದಾ? ಅರ್ಬಾಬಿನದ್ದು," ಎಂದರು, ತಲೆ ಒರೆಸಿಕೊಳ್ಳುತ್ತಾ.

ಅರ್ಬಾಬ್ ಎಂದರೆ ಯಜಮಾನ. ಇವರ ಕಂಪನಿಯ ಒಡೆಯರು, ಅಬುಧಾಬಿಯವರು. ಅವರಿಗೆ ಗುರಿ ಹೊಡೆಯುವ ಹುಚ್ಚು. ಮರಳಿನ ನಡುವೆ ಅವರದ್ದೊಂದು ಕ್ಲಬ್ಬು. ಅಲ್ಲಿ ಸರ್ಕಾರದ ಪರವಾನಗಿಯಿಂದಲೇ ತಮ್ಮ ತಮ್ಮ ಬಂದೂಕಿಗೆ ಹೊಂದುವ ಕಾಡತೂಸುಗಳನ್ನು ಕೈಯಾರೆ ತುಂಬಿಸಿಕೊಳ್ಳುವ ಒಂದು ಕೋಣೆ. ಅಂಗಡಿಯ ಕಾಡತೂಸು ಎಲ್ಲರ ಬಂದೂಕಿಗೂ ಆಗುವಂಥದ್ದು. ಕೈಯಲ್ಲಿ ತುಂಬಿಸಿದ್ದಾದರೆ ದರ್ಜಿ ಹೊಲಿದ ರವಿಕೆಯ ಹಾಗೆ, ತನ್ನದಕ್ಕೇ ಸರಿಯಾಗಿ ಕೂರುತ್ತದೆ. ಎಷ್ಟು ಮದ್ದು ಹಾಕಿದರೆ ಗುಂಡು ಎಷ್ಟು ವೇಗವಾಗಿ ಹೋಗುತ್ತದೆ, ಒಳಗೆ ಒತ್ತಡ ಎಷ್ಟು ಏರುತ್ತದೆ ಎಂದು ಮೊದಲೇ ಹೇಳುವ ಒಂದು ಸಾಫ್ಟ್‌ವೇರ್ ಉಂಟು. ಅರ್ಬಾಬ್ ಅದನ್ನು ತರಿಸಿದರು. ಅದರ ದಪ್ಪ ಇಂಗ್ಲಿಷ್ ಪುಸ್ತಕ ನೋಡಿ ಬೇಸರ ಬಂದು ನಮ್ಮವರನ್ನು ಕರೆಸಿ, "ಮುಹಂದಿಸ್, ತುಮಾರಾ ಕಾಮ್ ಗ್ಯಾಸ್, ಪ್ರೆಶರ್. ಯೇ ಭೀ ಗ್ಯಾಸ್, ಪ್ರೆಶರ್. ಸೇಮ್ ಸೇಮ್," ಎಂದರಂತೆ. ಮುಹಂದಿಸ್ ಎಂದರೆ ಇಂಜಿನಿಯರ್. ನಮ್ಮವರು, "ಓಕೆ ಅರ್ಬಾಬ್," ಎಂದರಂತೆ.

ಈ 'ಓಕೆ ಅರ್ಬಾಬ್' ನಮ್ಮ ಸಂಸಾರದ ಮೂರನೆಯ ಸದಸ್ಯ. ಈದ್ ದಿನ ಅರ್ಬಾಬಿನ ಅತ್ತೆಯ ಮನೆಯ ಎಸಿ ಕೆಟ್ಟರೆ ಓಕೆ ಅರ್ಬಾಬ್. ಒಂಟೆಗಳ ಲಾಯಕ್ಕೆ ತಂಪು ಗಾಳಿ ಬೇಕೆಂದರೆ ಓಕೆ ಅರ್ಬಾಬ್. ನಾನು ಬರ್ ದುಬೈಗೆ ಹೋಗಿ ದೇವಸ್ಥಾನದ ಗಲ್ಲಿಯಿಂದ ಮಲ್ಲಿಗೆ ತರುವ ಎಂದರೆ ಮಾತ್ರ ಪಾರ್ಕಿಂಗ್ ಸಿಗುವುದಿಲ್ಲ. ಇಲ್ಲ ಎನ್ನುವ ಶಬ್ದವನ್ನು ಅವರು ನನಗಾಗಿಯೇ ತೆಗೆದಿಟ್ಟಿದ್ದಾರೆ.

"ಮುಟ್ಟಲಿಕ್ಕೆ ಉಂಟಾ ಅದನ್ನೆಲ್ಲ?" ಎಂದು ಕೇಳಿದೆ.

"ಛೆ, ನಾನು ಮುಟ್ಟುವುದೇ ಇಲ್ಲ. ಬರೀ ಲೆಕ್ಕ ಮಾತ್ರ ಮಾರಾಯ್ತಿ."

ಬರೀ ಲೆಕ್ಕ! ಬಂಟ್ವಾಳದ ಪೇಟೆಯಲ್ಲಿ ಬೆಳೆದ ಅವರಿಗೆ ಏನು ಗೊತ್ತು? ನನಗೆ ಗೊತ್ತಿತ್ತು. ನನ್ನ ದೊಡ್ಡಪ್ಪನಲ್ಲಿ ಹಂದಿ, ಮಂಗಗಳನ್ನು ಓಡಿಸುವ ಒಂದು ಕೋವಿ ಇತ್ತು. ಕಾಡತೂಸಿಗೆ ನಮ್ಮಲ್ಲಿ ತೋಟೆ ಎನ್ನುತ್ತಿದ್ದೆವು. ದೊಡ್ಡಪ್ಪ ವರ್ಷಕ್ಕೆ ಒಂದೆರಡು ಸಲ ಖಾಲಿ ತೋಟೆಗಳನ್ನು ಚಾವಡಿಯಲ್ಲಿ ಸಾಲಾಗಿ ನಿಲ್ಲಿಸಿ ತುಂಬಿಸುತ್ತಿದ್ದರು. ಆ ದಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ದೇವರ ದೀಪವೂ ಸಂಜೆಗೇ. ದೊಡ್ಡಮ್ಮ ಸಿಡಿಮಿಡಿ ಮಾಡುತ್ತಾ ಮೊಸರವಲಕ್ಕಿ ಕಲಸುತ್ತಿದ್ದರು, ನಮಗೆ ಮಕ್ಕಳಿಗೆ ಅದೇ ಹಬ್ಬ. ಹಿತ್ತಾಳೆಯ ಪುಟ್ಟ ಅಳತೆಯಲ್ಲಿ ಮದ್ದು ತೆಗೆದು, ಬೆರಳಿನಿಂದ ಮೇಲ್ಭಾಗ ಸಮ ಮಾಡಿ, ಉಸಿರು ಹಿಡಿದು ಸುರಿಯುವುದು. ಅದರ ಮೇಲೆ ರಟ್ಟಿನ ಬಿಲ್ಲೆ, ಆಮೇಲೆ ಚರೆ ಎನ್ನುವ ಸಣ್ಣ ಸೀಸದ ಗುಂಡುಗಳು, ಮತ್ತೆ ಬಿಲ್ಲೆ. ಆ ಹೊತ್ತಿಗೆ ದೊಡ್ಡಪ್ಪನನ್ನು ಯಾರೂ ಮಾತಾಡಿಸಬಾರದು. ಒಮ್ಮೆ ಅಂಚೆಯವನು ಅಂಗಳದಿಂದ "ಹೋಯ್" ಎಂದು ಕರೆದ. ದೊಡ್ಡಪ್ಪ ಉತ್ತರಿಸಲಿಲ್ಲ. ಆಗಷ್ಟೇ ತುಂಬಿಸಿದ್ದ ತೋಟೆಯನ್ನು ಪೂರ್ತಿ ಬರಿದು ಮಾಡಿ, ಮೊದಲಿನಿಂದ ಸುರುಮಾಡಿದರು. ಮನಿಆರ್ಡರ್ ಹಿಡಿದುಕೊಂಡು ಅಂಚೆಯವನು ತೆಂಗಿನಕಟ್ಟೆಯ ಮೇಲೆ ಕೂತೇ ಇದ್ದ.

ಅಂಥ ಮನೆಯಿಂದ ಬಂದವಳು ನಾನು. ನಮ್ಮವರೋ, ಟಿವಿಯಲ್ಲಿ ಕ್ರಿಕೆಟ್ಟು ನೋಡುತ್ತಾ, ನಡುನಡುವೆ "ಔಟಾ?" ಎಂದು ಕೇಳುತ್ತಾ ಮದ್ದಿನ ಅಂಕಿ ಒತ್ತುತ್ತಿದ್ದರು. ಒತ್ತಡ ಬಂದೂಕು ತಾಳುವ ಮಿತಿ ಮೀರಿದರೆ ಸಾಫ್ಟ್‌ವೇರ್ ಕೆಂಪು ಅಕ್ಷರದಲ್ಲಿ ಕಿರುಚುತ್ತದಂತೆ. ಮೀರದಿದ್ದರೆ ಸುಮ್ಮನಿರುತ್ತದಂತೆ. ದೊಡ್ಡಪ್ಪ ಇದನ್ನು ಕಂಡಿದ್ದರೆ ಲ್ಯಾಪ್‌ಟಾಪನ್ನೇ ಬಾವಿಗೆ ಹಾಕುತ್ತಿದ್ದರು.

ಆದರೆ, ಹೇಳಬೇಕಾದದ್ದನ್ನು ಹೇಳಬೇಕು, ಲೆಕ್ಕ ಚೆನ್ನಾಗಿಯೇ ಬಂತು. ಆ ಚಳಿಗಾಲವಿಡೀ ಕ್ಲಬ್ಬಿನ ಕೋಣೆಯಲ್ಲಿ ಅರ್ಬಾಬ್ ತುಂಬಿಸುವುದು, ಮರಳಿನಲ್ಲಿ ಹೊಡೆಯುವುದು, ಯಂತ್ರದಲ್ಲಿ ಗುಂಡಿನ ವೇಗ ಅಳೆದು ನಮ್ಮವರಿಗೆ ಕಳಿಸುವುದು. ಇವರು ಹೇಳಿದ ವೇಗಕ್ಕೂ ಬಂದ ವೇಗಕ್ಕೂ ಏನೇನೂ ಅಂತರ ಇರುತ್ತಿರಲಿಲ್ಲ. ಒಂದು ದಿನ ಗುರಿಯ ಕಾಗದವನ್ನೇ ಮನೆಗೆ ತಂದರು. ಅಷ್ಟು ದೂರದಿಂದ ಹೊಡೆದ ತೂತುಗಳೆಲ್ಲ ಒಂದು ಕೋಡುಬಳೆಯ ಅಡಿಯಲ್ಲಿ ಅಡಗುವಷ್ಟು ಹತ್ತಿರ ಹತ್ತಿರ ಬಿದ್ದಿದ್ದವು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಹಾಲು ತೆಗೆಯಲು ಹೋದಾಗಲೆಲ್ಲ ನಿಂತು ನೋಡುತ್ತಿದ್ದರು. ಮದುವೆಯಾದ ಲಾಗಾಯ್ತು ಅವರು ಗುನುಗುವುದನ್ನು ನಾನು ಕೇಳಿರಲಿಲ್ಲ. ಆಗ ಗುನುಗಿದರು. ನನ್ನ ಗಂಡನಿಗೆ ಖುಷಿಯಾಗುವುದಕ್ಕೆ ಮದ್ದು ಗುಂಡು ಬೇಕಾಯಿತಲ್ಲ ಎಂದು ನಾನು ದಂಗಾದೆ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಬೇಸಿಗೆ ಬಂತು. ಅರ್ಬಾಬ್ ಯಾವುದೋ ದೇಶಕ್ಕೆ ಪಂದ್ಯಕ್ಕೆ ಹೋಗುವವರಿದ್ದರು. ಗುಂಡಿಗೆ ಇನ್ನಷ್ಟು ವೇಗ ಬೇಕು ಎಂದರು. ನಮ್ಮವರು ಮದ್ದನ್ನು ಒಂದಿಷ್ಟು ಏರಿಸಿದರು. ಬೆಟ್ಟದ ನೆತ್ತಿ ಮಿತಿಯ ಗೆರೆಗೆ ತಾಗುವಷ್ಟು ಹತ್ತಿರ ಹೋಯಿತು, ಆದರೆ ಕೆಂಪು ಅಕ್ಷರ ಬರಲಿಲ್ಲ. ಹೊಸ ತೋಟೆಗಳನ್ನು ಹೊಡೆದು ನೋಡುವ ಶುಕ್ರವಾರ, "ಮುಹಂದಿಸ್, ಮೇಡಂ ಕೋ ಭೀ ಲಾವೋ, ನಾಶ್ತಾ ಕರೇಗಾ" ಎಂದು ಅರ್ಬಾಬ್ ನನ್ನನ್ನೂ ಕರೆದರು.

ಬೆಳಕು ಹರಿಯುವ ಹೊತ್ತಿಗೇ ಹೊರಟೆವು. ಬಿಸಿಲೇರುವ ಮೊದಲೇ ಹೊಡೆದು ಮುಗಿಸುವುದು ಎಂದು ತೀರ್ಮಾನ. ಆದರೆ ಅರಬರ ನಾಷ್ಟಾ ಎಂದರೆ ನಿಮಗೆ ಗೊತ್ತಲ್ಲ, ಎದ್ದು ಹೋಗುವಂತಿಲ್ಲ. ತಣ್ಣನೆಯ ಕೋಣೆ, ಖರ್ಜೂರ, ಗಾವಾ ಎನ್ನುವ ಅರಬ್ಬೀ ಕಾಫಿ, ಮತ್ತೆ ಗಾವಾ. ದೊಡ್ಡ ತಟ್ಟೆಯಲ್ಲಿ ಏಲಕ್ಕಿ ಹಾಕಿದ ಸಿಹಿ ಶ್ಯಾವಿಗೆ ಬಂತು. ಆಹಾ ಎಂದು ಬಾಯಲ್ಲಿ ನೀರೂರುವಷ್ಟರಲ್ಲಿ ಅದರ ಮೇಲೆ ಹೊದಿಕೆಯ ಹಾಗೆ ಹಾಸಿದ ಆಮ್ಲೆಟ್ ಕಂಡಿತು. ಸಿಹಿಯ ಮೇಲೆ ಮೊಟ್ಟೆ! ಆ ದಿನದ ಅತಿ ದೊಡ್ಡ ಆಘಾತ ಅದೇ ಎಂದು ನಾನು ತಿಳಿದುಕೊಂಡೆ. ತಿಂದೆ. ರುಚಿಯಾಗಿಯೇ ಇತ್ತು, ಅದು ಎರಡನೆಯ ಆಘಾತ. ಬಂದೂಕುಗಳು ನಮ್ಮ ಜೊತೆ ತಂಪಿನಲ್ಲಿ, ತಮ್ಮ ಪೆಟ್ಟಿಗೆಗಳಲ್ಲಿ ಮಲಗಿದ್ದವು. ತೋಟೆಯನ್ನೂ ಬಂದೂಕನ್ನೂ ಒಟ್ಟಿಗೆ ಇಡಬಾರದು ಎನ್ನುವುದು ಕ್ಲಬ್ಬಿನ ನಿಯಮ, ಹಾಗಾಗಿ ತೋಟೆಗಳ ಕಪ್ಪು ಡಬ್ಬಿ ಹೊರಗೆ ಬಿಸಿಲಿನಲ್ಲಿ ನಿಂತ ಕಾರಿನ ಹಿಂಬದಿಯಲ್ಲೇ ಉಳಿದಿತ್ತು.

ಹೊರಗೆ ಬಂದಾಗ ಸೂರ್ಯ ನೆತ್ತಿಗೆ ಹತ್ತಿರ. ನೆರಳಿನ ಮಾಡಿನ ಕೆಳಗೆ ಮೇಜು, ಮೇಜಿನ ಮೇಲೆ ಬಂದೂಕು. ಅರ್ಬಾಬಿನ ಸ್ನೇಹಿತರು ಕುರ್ಚಿಗಳಲ್ಲಿ ಕೂತಿದ್ದರು. ಕಾರಿನಿಂದ ಡಬ್ಬಿ ಬಂತು. ಅರ್ಬಾಬ್ ಕೂರುತ್ತಾರೆ ಎಂದು ನಾವೆಲ್ಲ ಕಾದರೆ, ಅವರು ನಮ್ಮವರ ಬೆನ್ನಿಗೆ ಕೈ ಹಾಕಿ, "ಪಹಲಾ ಗೋಲಿ ಮುಹಂದಿಸ್ ಕಾ. ಹಿಸಾಬ್ ಉಸ್ ಕಾ ಹೈ" ಎಂದರು. ಅತಿಥಿಗೆ ಮೊದಲ ಗೌರವ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಬೇಡ ಎಂದು ಕೂಗಬೇಕು ಅನ್ನಿಸಿತು. ಮುಟ್ಟುವುದೇ ಇಲ್ಲ ಎಂದವರು ಹೋಗಿ ಕೂತೇಬಿಟ್ಟರು. ಕಿವಿಗೆ ಮುಚ್ಚಳ ಹಾಕಿಕೊಂಡರು. ಕ್ಲಬ್ಬಿನ ಫಿಲಿಪಿನೋ ಮೇಲ್ವಿಚಾರಕ ದೊಡ್ಡದೊಂದು ಪ್ಲಾಸ್ಟಿಕ್ ಕನ್ನಡಕವನ್ನು ಅವರ ಮಾಮೂಲು ಕನ್ನಡಕದ ಮೇಲೆಯೇ ಏರಿಸಿದ.

ಡಬ್ಬಿಯಿಂದ ಒಂದು ತೋಟೆ ತೆಗೆದರು. ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅರ್ಬಾಬಿನ ಮುಖ ನೋಡಿದರು. ಮೊದಲ ಸಲ ಅಲ್ಲವೇ, ಹೆದರಿಕೆ ಇರಬೇಕು ಎಂದುಕೊಂಡೆ. "ಯಲ್ಲಾ ಮುಹಂದಿಸ್!" ಎಂದರು ಅರ್ಬಾಬ್, ಹೂಂ ಸುರುಮಾಡು ಎನ್ನುವ ಹಾಗೆ. ನಮ್ಮವರು ನಕ್ಕು, "ಓಕೆ ಅರ್ಬಾಬ್" ಎಂದು ಅದನ್ನು ಬಂದೂಕಿಗೆ ಹಾಕಿದರು.

ಸದ್ದು ಬಂತು. ಅದರ ಬಾಲಕ್ಕೆ ಫಟ್ ಎಂದು ಇನ್ನೊಂದು ಸದ್ದು. ಬಂದೂಕಿನ ಮುಂದಿನಿಂದ ಬರಬೇಕಾದ ಹೊಗೆ ಹಿಂದಿನಿಂದ, ಅವರ ಮುಖದ ಹತ್ತಿರದಿಂದಲೇ ಹಾರಿತು. ಅವರು ಕೆನ್ನೆ ಹಿಡಿದುಕೊಂಡು ಹಿಂದಕ್ಕೆ ಸರಿದರು. ಮೇಲ್ವಿಚಾರಕ "ಸ್ಟಾಪ್! ಸ್ಟಾಪ್!" ಎಂದು ಕಿರುಚುತ್ತಿದ್ದ. ನಾನು ಎದ್ದು ನಿಂತಿದ್ದೆ. ಅವರು ಕೈ ತೆಗೆದರು. ಕೆನ್ನೆಯ ಮೇಲೆ ಮಸಿ ಎಳೆದ ಹಾಗೆ ಒಂದು ಗೆರೆ, ಅಷ್ಟೇ. ಪ್ಲಾಸ್ಟಿಕ್ ಕನ್ನಡಕದ ಬಲಗಣ್ಣಿನ ಮುಂದೆ, ಸರಿಯಾಗಿ ಗುಡ್ಡೆಯ ಎದುರಿಗೇ, ರೂಪಾಯಿ ಅಗಲದ ಕಪ್ಪು ಕಲೆ. ಖಾಲಿ ತೋಟೆ ಹೊರತೆಗೆಯಲು ಮೇಲ್ವಿಚಾರಕ ಬಂದೂಕಿನ ಹಿಡಿಕೆಯನ್ನು ಎಳೆದರೆ ಅದು ಕಚ್ಚಿಕೊಂಡಿತ್ತು, ಬರಲೇ ಇಲ್ಲ.

"ಬಂದೂಕ್ ಖರಾಬ್," ಎಂದರು ಅರ್ಬಾಬ್, ಮುಖ ಸಿಂಡರಿಸಿ. ಇನ್ನೊಂದು ಬಂದೂಕು ತರಿಸಿದರು. ತಾವೇ ಕೂತು, ಅದೇ ಕಪ್ಪು ಡಬ್ಬಿಗೆ ಕೈ ಚಾಚಿದರು. ಅವರ ಮುಖದ ಮೇಲೆ ಯಾವ ಕನ್ನಡಕವೂ ಇರಲಿಲ್ಲ. ಗುರಿ ಸರಿಯಾಗಿ ಕಾಣುವುದಿಲ್ಲ ಎಂದು ಅವರು ಹಾಕುವುದೇ ಇಲ್ಲ, ಅವರಿಗೆ ಹೇಳುವ ಧೈರ್ಯ ಕ್ಲಬ್ಬಿನಲ್ಲಿ ಯಾರಿಗೂ ಇಲ್ಲ.

ಆಗ ನಮ್ಮವರು ಡಬ್ಬಿಯ ಮುಚ್ಚಳ ಹಾಕಿ, ಅದರ ಮೇಲೆ ಎರಡೂ ಕೈ ಊರಿ ನಿಂತರು. "ಲಾ," ಎಂದರು.

ಲಾ ಎಂದರೆ ಇಲ್ಲ. ನನ್ನ ಗಂಡನ ಬಾಯಲ್ಲಿ ಆ ಶಬ್ದ, ಅದೂ ಅರ್ಬಾಬಿಗೆ! ಅರ್ಬಾಬ್ ಕೇಳಿಸಲಿಲ್ಲ ಎನ್ನುವಂತೆ ಮತ್ತೆ ಕೈ ಚಾಚಿದರು. "ಲಾ, ಅರ್ಬಾಬ್. ಖಲಾಸ್." ಇವರು ಡಬ್ಬಿ ಬಿಡಲಿಲ್ಲ. ನನ್ನ ಕಣ್ಣೆದುರು ವೀಸಾ ರದ್ದಾಯಿತು, ಫ್ಲ್ಯಾಟ್ ಖಾಲಿಯಾಯಿತು, ಗ್ರೇಸಿಬಾಯಿ ಲಿಫ್ಟಿನ ತನಕ ಬಂದು ನಮ್ಮನ್ನು ಬೀಳ್ಕೊಟ್ಟೂ ಆಯಿತು.

"ಕ್ಯೂಂ?" ಎಂದರು ಅರ್ಬಾಬ್, ಬಹಳ ಮೆಲ್ಲಗೆ.

"ಬಂದೂಕ್ ಠೀಕ್ ಹೈ. ಹಿಸಾಬ್ ಗಲತ್. ಮೈ ಗರ್ಮಿ ನಹೀ ಡಾಲಾ."

ಆಗಿದ್ದು ಇಷ್ಟು. ಮದ್ದು ಬಿಸಿಯಾದಷ್ಟು ಅದರ ಉರಿ ಜೋರು, ಒತ್ತಡ ಜಾಸ್ತಿ. ಅದಕ್ಕೇ ಸಾಫ್ಟ್‌ವೇರಿನಲ್ಲಿ ಮದ್ದಿನ ತಾಪಮಾನಕ್ಕೆ ಒಂದು ಪುಟ್ಟ ಚೌಕ ಉಂಟು. ಮಾಡಿದವರು ಎಲ್ಲಿಯ ತಂಪು ದೇಶದವರೋ, ಮೊದಲೇ ಇಪ್ಪತ್ತೊಂದು ಡಿಗ್ರಿ ಎಂದು ತುಂಬಿಸಿ ಕೊಟ್ಟಿದ್ದರು. ನಮ್ಮವರು ಅದನ್ನು ನೋಡಿ, ತಲೆಯೆತ್ತಿ ನಮ್ಮ ಹಾಲ್‌ನ ಗೋಡೆಯ ಎಸಿ ಅಂಕಿ ನೋಡಿದರು. ಅದೂ ಇಪ್ಪತ್ತೊಂದು. ಸರಿಯಾಗಿಯೇ ಇದೆಯಲ್ಲ ಎಂದು ಮುಂದಿನ ಚೌಕಕ್ಕೆ ಹೋದರು. ಮನೆಯಿಂದ ಕಾರು, ಕಾರಿನಿಂದ ಆಫೀಸು, ಆಫೀಸಿನಿಂದ ಮಾಲ್. ಮರುಭೂಮಿಯಲ್ಲಿ ಬದುಕುವ ನಮಗೆಲ್ಲ ಹವೆ ಎಂದರೆ ಗೋಡೆಯ ಮೇಲಿನ ಅಂಕಿ. ಚಳಿಗಾಲದಲ್ಲಿ ಆ ಲೆಕ್ಕ ನಡೆಯಿತು. ಬೇಸಿಗೆಯಲ್ಲಿ, ಮಿತಿಯ ಅಂಚಿಗೆ ಹೋದ ತೋಟೆಗಳನ್ನು ಕಾರಿನಲ್ಲಿ ಬೇಯಿಸಿದ ಮೇಲೆ ನಡೆಯಲಿಲ್ಲ.

ಇಷ್ಟನ್ನೂ ಕೈಸನ್ನೆ, ಹಿಂದಿ, ಇಂಗ್ಲಿಷ್ ಸೇರಿಸಿ ಅವರು ಹೇಳಿ ಮುಗಿಸುವಾಗ ಅರ್ಬಾಬಿಗೆ ನಗು ಬಂತು. "ಎಸಿ ಕಾ ಮುಹಂದಿಸ್, ಗರ್ಮಿ ಭೂಲ್ ಗಯಾ!" ಸ್ನೇಹಿತರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮವರು ನಗಲಿಲ್ಲ. ಕಲೆಯಾದ ಪ್ಲಾಸ್ಟಿಕ್ ಕನ್ನಡಕ ತೆಗೆದು ಅರ್ಬಾಬಿನ ಕೈಗೆ ಕೊಟ್ಟರು. ಅರ್ಬಾಬ್ ನಗುತ್ತಲೇ ಅದನ್ನು ತಮ್ಮ ಮುಖಕ್ಕೆ ಇಟ್ಟು ನೋಡಿದರು. ನಗು ನಿಂತಿತು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದರು. ಆಮೇಲೆ ಮೇಲ್ವಿಚಾರಕನನ್ನು ಕರೆದು, ಡಬ್ಬಿಯ ತೋಟೆಗಳನ್ನೆಲ್ಲ ಬಿಚ್ಚಿ ಹಾಕಲು ಹೇಳಿ, ನಮ್ಮವರ ತೋಳು ಹಿಡಿದು ಒಂದು ಸಲ ಅಮುಕಿದರು. ನಮ್ಮ ಕೆಲಸ ಉಳಿಯಿತು ಎಂದು ನನಗೆ ಆಗ ಗೊತ್ತಾಯಿತು.

ವಾಪಸು ಬರುವಾಗ ಕಾರಿನಲ್ಲಿ ನನಗೆ ಒಂಥರಾ ಹೆಮ್ಮೆ. ಇಷ್ಟು ವರ್ಷದ ಸಂಸಾರದಲ್ಲಿ ಇಂಥದ್ದೊಂದು ಕಂಡೆನಲ್ಲ ಎಂದು. ಕೆನ್ನೆಯ ಮಸಿಯನ್ನು ಸೆರಗಿನಿಂದ ಒರೆಸುತ್ತಾ ಕೇಳಿದೆ, "ಅರ್ಬಾಬಿಗೆ ಲಾ ಅನ್ನುವಾಗ ಹೆದರಿಕೆ ಆಗ್ಲಿಲ್ವಾ ನಿಮಗೆ?"

"ಆಗ ಆಗ್ಲಿಲ್ಲ," ಎಂದರು. "ಅದಕ್ಕೆ ಮೊದ್ಲು ಆಯ್ತು. ತೋಟೆ ಕೈಗೆ ತಕ್ಕೊಂಡೆ ಅಲ್ವಾ, ಚುರ್ ಅಂತ ಸುಟ್ಟಿತು. ಆಗ್ಲೇ ತಲೆಗೆ ಹೊಳೀತು, ಆ ಇಪ್ಪತ್ತೊಂದು ತಪ್ಪು ಅಂತ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಅಂದ್ರೆ, ಹೊಡೆಯುವ ಮೊದ್ಲೇ ನಿಮಗೆ ಗೊತ್ತಿತ್ತಾ?"

"ಪೂರ್ತಿ ಗೊತ್ತಿರ್ಲಿಲ್ಲ. ಅಂದಾಜು ಇತ್ತು."

"ಮತ್ತೆ ಯಾಕೆ ಹೊಡೆದ್ರಿ?"

"ಎಲ್ಲ ನೋಡ್ತಾ ಇದ್ರು. ಅರ್ಬಾಬ್ ಯಲ್ಲಾ ಅಂದ್ರು. ಹೇಗೆ ಬೇಡ ಅನ್ನುವುದು ಮಾರಾಯ್ತಿ?"

ಇದರ ಮುಂದೆ ಬೆಳಗಿನಿಂದ ಆದ ಗಾಬರಿಗಳೆಲ್ಲ ಒಂದು ಲೆಕ್ಕವೇ ಅಲ್ಲ. "ಅರ್ಬಾಬಿನ ಕಣ್ಣಿಗೋಸ್ಕರ ಲಾ ಅನ್ಲಿಕ್ಕೆ ಆಯ್ತು. ನಿಮ್ಮ ಕಣ್ಣಿಗೋಸ್ಕರ ಯಾಕೆ ಆಗ್ಲಿಲ್ಲ?" ಎಂದು ಕೇಳಿದೆ.

ಅವರು ರಸ್ತೆ ನೋಡುತ್ತಾ, ಆಫೀಸಿನಲ್ಲಿ ಯಾರೋ ಲೆಕ್ಕ ಕೇಳಿದ ಹಾಗೆ, ನಿಜವಾಗಿಯೂ ಯೋಚನೆ ಮಾಡಿದರು. "ಅದು ತಲೆಗೇ ಬರ್ಲಿಲ್ಲ," ಎಂದರು.

ಗುಂಡು ಸಿಡಿದಾಗ ಬಾರದ ಅಳು ನನಗೆ ಆಗ ಬಂತು. ತಡೆಯಲಿಕ್ಕೇ ಆಗಲಿಲ್ಲ. ಅವರು ಗಾಬರಿಯಿಂದ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, "ಎಂತ ಆಯ್ತು? ಈಗ ಎಂತ ಆಯ್ತು ನಿನಗೆ?" ಎಂದು ಕೇಳುತ್ತಲೇ ಇದ್ದರು.